ಕಮಾಂಡ್ ಕಲಿಸಬೇಕೆ, ಕರ್ನೆಲ್ ಕಲಿಸಬೇಕೆ? ಕಾಲೇಜಿನ ಆಪರೇಟಿಂಗ್ ಸಿಸ್ಟಂ ಪಾಠ: ಒಂದು ಸಮೀಕ್ಷೆ

ಸಿಎಚ್‌ಮಾಡ್ 754 ಎಂದರೇನು ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ನಮ್ಮ ಬಿಸಿಎ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಡವರಿಸದೆ ಬರೆಯುತ್ತಾರೆ. ಫೈಲಿನ ಒಡೆಯರಿಗೆ ಓದಲು, ಬರೆಯಲು, ನಡೆಸಲು ಅನುಮತಿ. ಗುಂಪಿನವರಿಗೆ ಓದಲು, ನಡೆಸಲು. ಉಳಿದವರಿಗೆ ಓದಲು ಮಾತ್ರ. ಪೂರ್ತಿ ಅಂಕ. ಅವರನ್ನೇ ಲಿನಕ್ಸ್ ಸರ್ವರ್ ಮುಂದೆ ಕೂರಿಸಿ, ಅನುಮತಿ ಸರಿಯಿದ್ದರೂ ಈ ಫೈಲು ತೆರೆಯುತ್ತಿಲ್ಲ, ಕಾರಣ ಹುಡುಕಿ ಎಂದರೆ ಬಹಳ ಮಂದಿ ಅಲ್ಲೇ ನಿಂತುಬಿಡುತ್ತಾರೆ. ಫೈಲಿಗೆ ಅನುಮತಿ ಇದ್ದರೆ ಸಾಲದು, ಅದು ಕೂತಿರುವ ಡೈರೆಕ್ಟರಿಯನ್ನು ಹಾದುಹೋಗಲೂ ಅನುಮತಿ ಬೇಕು ಎಂಬುದು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಕೈಗೆ ಬಂದಿರುವುದಿಲ್ಲ, ಅಷ್ಟೆ.

ಆಪರೇಟಿಂಗ್ ಸಿಸ್ಟಂ ಬಗ್ಗೆ ಕಾಲೇಜು ಏನನ್ನು ಕಲಿಸಬೇಕು ಎಂಬ ಪ್ರಶ್ನೆಗೆ ಐವತ್ತು ವರ್ಷಗಳಿಂದ ಒಮ್ಮತದ ಉತ್ತರ ಸಿಕ್ಕಿಲ್ಲ. ಅದನ್ನು ಬಳಸುವುದನ್ನೇ? ಅದರ ಹಿಂದಿನ ತತ್ತ್ವಗಳನ್ನೇ? ಅಂಥದ್ದೊಂದನ್ನು ಕಟ್ಟುವುದನ್ನೇ? ಒಂದೊಂದು ಉತ್ತರದ ಹಿಂದೆಯೂ ಒಳ್ಳೆಯ ಮೇಷ್ಟರುಗಳಿದ್ದಾರೆ, ಗಟ್ಟಿಯಾದ ಕಾರಣಗಳಿವೆ. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ: ಬಳಕೆಯ ಪಾಠವನ್ನು ನಮ್ಮ ವಿಶ್ವವಿದ್ಯಾಲಯಗಳು ತಮ್ಮ ಘನತೆಗೆ ತಕ್ಕದ್ದಲ್ಲ ಎಂಬಂತೆ ಕಂಡಿವೆ, ಅದರ ನಷ್ಟವನ್ನು ವಿದ್ಯಾರ್ಥಿಗಳು ಹೊರುತ್ತಿದ್ದಾರೆ.

ಫೋನ್ ಕಂಪನಿಯಿಂದ ತರಗತಿಗೆ

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್ ಬರೆಯತೊಡಗಿದರು. 1973ರಲ್ಲಿ ಅದನ್ನು ಸಿ ಭಾಷೆಗೆ ತಂದರು. ಬೆಲ್ ಲ್ಯಾಬ್ಸ್‌ನ ಒಡೆತನ ಹೊಂದಿದ್ದ ಎಟಿ ಅಂಡ್ ಟಿ ದೂರವಾಣಿ ಕಂಪನಿ. 1956ರಲ್ಲಿ ಸರ್ಕಾರದ ಜೊತೆ ಆಗಿದ್ದ ಒಪ್ಪಂದದ ಪ್ರಕಾರ ಅದು ದೂರಸಂಪರ್ಕ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯುನಿಕ್ಸನ್ನು ಸರಕಿನಂತೆ ಮಾರದೆ, ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಮೂಲ ಕೋಡ್ ಸಮೇತ ಕೊಟ್ಟಿತು. ರಿಪೇರಿ, ಬೆಂಬಲ ಏನೂ ಇಲ್ಲ. ಏನು ಕೆಟ್ಟರೂ ಮೇಷ್ಟರು ಮತ್ತು ವಿದ್ಯಾರ್ಥಿಗಳೇ ಕೋಡ್ ಓದಿ ಸರಿಪಡಿಸಿಕೊಳ್ಳಬೇಕು. ಆ ಇಕ್ಕಟ್ಟೇ ಒಂದು ಪೀಳಿಗೆಯ ಪಾಠಶಾಲೆಯಾಯಿತು. ಥಾಂಪ್ಸನ್ 1975–76ರಲ್ಲಿ ಬರ್ಕ್‌ಲಿಯಲ್ಲಿ ಪಾಠ ಮಾಡಿದರು. ಅಲ್ಲಿಂದಲೇ ಬಿಎಸ್‌ಡಿ ಯುನಿಕ್ಸ್ ಕವಲೊಡೆಯಿತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಲಯನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯುನಿಕ್ಸ್ ಆರನೇ ಆವೃತ್ತಿಯ ಕರ್ನೆಲ್, ಅಂದರೆ ಸಿಸ್ಟಮ್ಮಿನ ತಿರುಳು, ಸುಮಾರು ಒಂಬತ್ತು ಸಾವಿರ ಸಾಲಿನದು, ಒಬ್ಬ ವಿದ್ಯಾರ್ಥಿ ಕೂತು ಪೂರ್ತಿ ಓದಬಹುದಾದಷ್ಟು. ಅದನ್ನೇ ಪಠ್ಯವಾಗಿಸಿ, ಸಾಲುಸಾಲಿಗೂ ವ್ಯಾಖ್ಯಾನ ಬರೆದು 1977ರ ಹೊತ್ತಿಗೆ ಎರಡು ಸಂಪುಟಗಳನ್ನು ಸಿದ್ಧಪಡಿಸಿದರು. 1979ರಲ್ಲಿ ಏಳನೇ ಆವೃತ್ತಿ ಬಂತು; ಅದರ ಪರವಾನಗಿಯಲ್ಲಿ ಮೂಲ ಕೋಡನ್ನು ತರಗತಿಯಲ್ಲಿ ಕಲಿಸುವಂತಿಲ್ಲ ಎಂಬ ಷರತ್ತಿತ್ತು. ಲಯನ್ಸ್ ಅವರ ಪುಸ್ತಕ ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ದೇಶದೇಶ ಸುತ್ತಿತು. ಅದು ಅಧಿಕೃತವಾಗಿ ಅಚ್ಚಾಗಿದ್ದು 1996ರಲ್ಲಿ.

ಪಾಠಕ್ಕೆ ಹಾಕಿದ ಆ ನಿಷೇಧದ ಪರಿಣಾಮ ದೂರದವರೆಗೆ ಹೋಯಿತು. ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟ್ಯಾನೆನ್‌ಬಾಮ್ ತಮ್ಮ ವಿದ್ಯಾರ್ಥಿಗಳಿಗಾಗಿ ಮಿನಿಕ್ಸ್ ಎಂಬ ಸಣ್ಣ ಸಿಸ್ಟಂ ಬರೆದು 1987ರಲ್ಲಿ ಪುಸ್ತಕದ ಜೊತೆಗೇ ಪ್ರಕಟಿಸಿದರು. ಆ ಪುಸ್ತಕ ಓದಿದ್ದ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ 1990ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಿ ಮತ್ತು ಯುನಿಕ್ಸ್ ಕೋರ್ಸಿಗೆ ಸೇರಿದರು. ಮರುವರ್ಷ ಮನೆಗೆ ಕಂಪ್ಯೂಟರ್ ತಂದು ಮಿನಿಕ್ಸ್ ಹಾಕಿಕೊಂಡರು. ವಿಶ್ವವಿದ್ಯಾಲಯದ ಯಂತ್ರಕ್ಕೆ ಮನೆಯಿಂದಲೇ ಸಂಪರ್ಕ ಪಡೆಯಲು ಅವರು ಬರೆಯತೊಡಗಿದ ಪ್ರೋಗ್ರಾಂ ಬೆಳೆದು ಲಿನಕ್ಸ್ ಆಯಿತು. 1991ರ ಆಗಸ್ಟ್ 25ರಂದು ಅದನ್ನು ಲೋಕಕ್ಕೆ ತಿಳಿಸಿದರು. ಇಂದು ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳೆಲ್ಲ ಲಿನಕ್ಸ್ ಮೇಲೆಯೇ ನಡೆಯುತ್ತವೆ, ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಕರ್ನೆಲ್ ಕೂಡ ಅದೇ. ಈ ಸರಪಳಿಯಲ್ಲಿ ಬಳಸುವುದನ್ನು ಕಲಿಸುವ ಕೋರ್ಸೂ ಇದೆ, ಒಳಗನ್ನು ಬಿಚ್ಚಿ ತೋರಿಸಿದ ಪುಸ್ತಕವೂ ಇದೆ. ಯಾವುದಕ್ಕೆ ಹೆಚ್ಚು ಶ್ರೇಯ ಎಂಬ ವಾದ ಇನ್ನೂ ಮುಗಿದಿಲ್ಲ.

ತತ್ತ್ವವೇ ಮೊದಲು

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಗಟ್ಟಿಯಾಗಿ ಬೇರೂರಿದ್ದು ತತ್ತ್ವದ ಪಂಥ. 1960ರ ದಶಕದಲ್ಲಿ ಆಪರೇಟಿಂಗ್ ಸಿಸ್ಟಂ ಒಂದು ಅಧ್ಯಯನ ವಿಷಯವೇ ಎಂಬ ಅನುಮಾನವಿತ್ತು. ಅದು ಕಂಪನಿಗಳ ಕಸುಬು, ಅದರಲ್ಲಿ ಕಲಿಸುವಂಥ ಶಾಸ್ತ್ರವೇನಿದೆ ಎನ್ನುವವರಿದ್ದರು. 1971ರಲ್ಲಿ ಪೀಟರ್ ಡೆನ್ನಿಂಗ್ ನೇತೃತ್ವದ ಅಮೆರಿಕದ ಸಮಿತಿಯೊಂದು ಪದವಿ ತರಗತಿಗೆ ಆಪರೇಟಿಂಗ್ ಸಿಸ್ಟಂ ತತ್ತ್ವಗಳ ಕೋರ್ಸನ್ನು ರೂಪಿಸಿಕೊಟ್ಟಿತು. 1973ರಲ್ಲಿ ಪೇರ್ ಬ್ರಿಂಚ್ ಹ್ಯಾನ್ಸೆನ್ ಪಠ್ಯ ಬರೆದರು. 1983ರಲ್ಲಿ ಪೀಟರ್‌ಸನ್, ಸಿಲ್ಬರ್‌ಷಾಟ್ಜ್ ಪುಸ್ತಕ ಬಂತು. ಮುಖಪುಟದ ಡೈನೋಸಾರ್‌ನಿಂದಲೇ ಹೆಸರಾದ ಆ ಪುಸ್ತಕದ ಹೊಸ ಹೊಸ ಆವೃತ್ತಿಗಳನ್ನು ಇಂದಿಗೂ ನಮ್ಮಲ್ಲಿ ಓದುತ್ತಾರೆ.

ಈ ಪಂಥದ ವಾದ ಸರಳ. ಕಮಾಂಡುಗಳು ಬರುತ್ತವೆ, ಹೋಗುತ್ತವೆ; ಪ್ರೋಸೆಸ್, ಮೆಮೊರಿ, ಡೆಡ್‌ಲಾಕ್ ಎಂಬ ಸಮಸ್ಯೆಗಳು ಉಳಿಯುತ್ತವೆ. ಅವನ್ನು ಅರಿತವರು ಯಾವ ಸಿಸ್ಟಮ್ಮಿಗಾದರೂ ಒಗ್ಗಿಕೊಳ್ಳುತ್ತಾರೆ. ಮಾತು ನಿಜ. ಪ್ರೋಸೆಸ್‌ಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಕಾಯಿಸಲು 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಕೊಟ್ಟ ಸೆಮಫೋರ್ ಇಂದಿನ ಫೋನಿನಲ್ಲೂ ಕೆಲಸ ಮಾಡುತ್ತಿದೆ.

ಆದರೆ ಪಠ್ಯ ಒಮ್ಮೆ ಗಟ್ಟಿಯಾದ ಮೇಲೆ ಕೆಲವು ಅಧ್ಯಾಯಗಳು ಪರೀಕ್ಷೆಗೆ ಅನುಕೂಲ ಎಂಬ ಒಂದೇ ಕಾರಣಕ್ಕೆ ಉಳಿದುಬಿಡುತ್ತವೆ. ಬ್ಯಾಂಕರ್ಸ್ ಅಲ್ಗಾರಿದಂ ಅದಕ್ಕೆ ನಿದರ್ಶನ. ಪ್ರೋಸೆಸ್‌ಗಳು ಒಂದಕ್ಕೊಂದು ಕಾದು ನಿಂತುಬಿಡುವ ಡೆಡ್‌ಲಾಕನ್ನು ತಪ್ಪಿಸುವ ಈ ಡೈಕ್‌ಸ್ಟ್ರಾ ವಿಧಾನದ ಮೇಲೆ ಕೋಷ್ಟಕ ಕೊಟ್ಟು ಲೆಕ್ಕ ಕೇಳುವುದು ಸುಲಭ, ಅಂಕ ಹಂಚುವುದೂ ಸುಲಭ. ಪ್ರತಿಯೊಂದು ಪ್ರೋಸೆಸ್ ತನಗೆ ಹೆಚ್ಚೆಂದರೆ ಏನೇನು ಬೇಕಾದೀತು ಎಂದು ಮುಂಚೆಯೇ ಹೇಳಬೇಕು ಎಂಬುದು ಅದರ ಷರತ್ತು. ನಾವು ಬಳಸುವ ಕಂಪ್ಯೂಟರಿನಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಸಾಮಾನ್ಯ ಬಳಕೆಯ ಸಿಸ್ಟಮ್ಮುಗಳು ಅದನ್ನು ಹೆಚ್ಚುಕಡಿಮೆ ಬಳಸುವುದೇ ಇಲ್ಲ. ಆದರೂ ಅದು ಎಷ್ಟೋ ಕಡೆ ಪರೀಕ್ಷೆಯ ಖಾಯಂ ಪ್ರಶ್ನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 2022ರ ಯೋಜನೆಯಲ್ಲಿ ಆಪರೇಟಿಂಗ್ ಸಿಸ್ಟಂ ವಿಷಯಕ್ಕೆ ಪ್ರಯೋಗಗಳನ್ನೂ ಸೇರಿಸಿದ್ದು ಸ್ವಾಗತಾರ್ಹ. ಆದರೆ ಆ ಪ್ರಯೋಗಗಳಲ್ಲಿ ಹಲವು ಶೆಡ್ಯೂಲಿಂಗ್, ಬ್ಯಾಂಕರ್ಸ್, ಪುಟ ಬದಲಾವಣೆಯನ್ನು ಸಿ ಭಾಷೆಯಲ್ಲಿ ಅನುಕರಿಸುವಂಥವು. ಪಕ್ಕದಲ್ಲೇ ನಿಜವಾದ ಶೆಡ್ಯೂಲರ್ ನಡೆಯುತ್ತಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ.

ಬಿಚ್ಚಿ ನೋಡು, ಕಟ್ಟಿ ನೋಡು

ಲಯನ್ಸ್ ಹಾಕಿಕೊಟ್ಟ ದಾರಿಯಲ್ಲಿ ಹೊರಟವರು ಕಟ್ಟುವ ಪಂಥದವರು. 1990ರ ದಶಕದ ಆರಂಭದಲ್ಲಿ ಬರ್ಕ್‌ಲಿಯ ನಾಚೋಸ್, 2004ರಲ್ಲಿ ಸ್ಟ್ಯಾನ್‌ಫರ್ಡಿನ ಪಿಂಟೋಸ್, 2006ರಲ್ಲಿ ಎಂಐಟಿಯ ಎಕ್ಸ್‌ವಿ6 ಎಲ್ಲವೂ ಪಾಠಕ್ಕೆಂದೇ ಹುಟ್ಟಿದವು. ಎಕ್ಸ್‌ವಿ6 ಎಂದರೆ ಲಯನ್ಸ್ ಕಲಿಸಿದ ಅದೇ ಆರನೇ ಆವೃತ್ತಿಯನ್ನು ಇಂದಿನ ಯಂತ್ರಗಳಿಗೆ ಹೊಂದುವಂತೆ ಮತ್ತೆ ಬರೆದದ್ದು. ಐಐಟಿ ಮದ್ರಾಸ್‌ನ ಎನ್‌ಪಿಟಿಇಎಲ್ ಆನ್‌ಲೈನ್ ಪಾಠವೊಂದು ಇದನ್ನೇ ಆಧರಿಸಿದೆ, ಯಾವ ಊರಿನ ವಿದ್ಯಾರ್ಥಿಯಾದರೂ ಪುಕ್ಕಟೆಯಾಗಿ ನೋಡಬಹುದು.

ಒಂದು ಸಿಸ್ಟಂ ಕಾಲ್ ಅನ್ನು ತಾನೇ ಸೇರಿಸಿದ, ಒಂದು ಪ್ರೋಸೆಸ್‌ನಿಂದ ಇನ್ನೊಂದಕ್ಕೆ ಪ್ರೊಸೆಸರ್ ಹೇಗೆ ದಾಟುತ್ತದೆ ಎಂದು ಸಾಲುಸಾಲಾಗಿ ಹಿಂಬಾಲಿಸಿದ ವಿದ್ಯಾರ್ಥಿಗೆ ಸಿಗುವ ಅರಿವಿಗೆ ಸಮವಾದದ್ದು ಬೇರೆ ಇಲ್ಲ ಎಂದೇ ನನ್ನ ನಂಬಿಕೆ. ಆದರೆ ಈ ಪಾಠ ಬೇಡುವುದು ಬಹಳ. ಸಿ ಭಾಷೆಯ ಪಾಯಿಂಟರ್ ಸಲೀಸಾಗಿರಬೇಕು, ಡೀಬಗ್ಗರ್ ಬಳಸಲು ಬರಬೇಕು, ಮೇಕ್, ಗಿಟ್, ಟರ್ಮಿನಲ್ ಕೈಗೆ ಒಗ್ಗಿರಬೇಕು. ಅಂದರೆ ಕಟ್ಟುವ ಪಾಠಕ್ಕೆ ಬಳಕೆಯ ಪಾಠ ಮೆಟ್ಟಿಲು. ಆ ಮೆಟ್ಟಿಲನ್ನೇ ತೆಗೆದಿಟ್ಟು ಮೇಲಿನ ಅಟ್ಟಕ್ಕೆ ಹತ್ತಿ ಎಂದರೆ ಹತ್ತುವವರು ಮನೆಯಲ್ಲಿ ಮೊದಲೇ ಕಂಪ್ಯೂಟರ್ ಇದ್ದವರು ಮಾತ್ರ.

ಕೈಪಳಗಿಸುವ ಪಾಠ

ಬಳಕೆಯ ಪಂಥ ಈಗ ಹೊಸ ಹುರುಪಿನಲ್ಲಿದೆ. ಅದರ ಒಂದು ಬೇರು ಕಂಪ್ಯೂಟರ್ ವಿಭಾಗದ ಹೊರಗಿದೆ. ಜೀವವಿಜ್ಞಾನಿಗಳು, ಭೌತವಿಜ್ಞಾನಿಗಳು ತಮ್ಮ ದತ್ತಾಂಶವನ್ನು ತಾವೇ ಸಂಭಾಳಿಸಬೇಕಾಗಿ ಬಂದಾಗ 1998ರಲ್ಲಿ ಸಾಫ್ಟ್‌ವೇರ್ ಕಾರ್ಪೆಂಟ್ರಿ ಎಂಬ ಪ್ರಯತ್ನ ಶುರುವಾಯಿತು. ಇಂದು ಅದರ ಕಾರ್ಯಾಗಾರಗಳಲ್ಲಿ, ಕಮಾಂಡುಗಳನ್ನು ಟೈಪಿಸಿ ನಡೆಸುವ ಯುನಿಕ್ಸ್ ಶೆಲ್ ಮುಖ್ಯ ಪಾಠಗಳಲ್ಲೊಂದು. 2020ರ ಜನವರಿಯಲ್ಲಿ ಎಂಐಟಿಯ ಮೂವರು ಸಂಶೋಧನಾ ವಿದ್ಯಾರ್ಥಿಗಳು, ಕಂಪ್ಯೂಟರ್ ವಿಜ್ಞಾನದ ಪದವಿಯಲ್ಲಿ ಬಿಟ್ಟುಹೋದ ಸೆಮಿಸ್ಟರ್ ಎಂದು ಕರೆದು ಶೆಲ್, ಎಡಿಟರ್, ಗಿಟ್, ಡೀಬಗ್ಗಿಂಗ್ ಕಲಿಸಿದರು. ಎಂಐಟಿಯಲ್ಲೇ ಇದು ಬೇಕಾಯಿತು ಎಂಬುದನ್ನು ನಮ್ಮ ಪಠ್ಯಕ್ರಮ ಸಮಿತಿಗಳು ಗಮನಿಸಬೇಕು. ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಪದವಿಯಲ್ಲಿ ಸಿಸ್ಟಂ ಕಮಾಂಡ್ಸ್ ಎಂಬ ಪೂರ್ಣ ಕೋರ್ಸೇ ಇದೆ. ಅದರ ಮೌಲ್ಯಮಾಪನದ ಒಂದು ಭಾಗ ಕಂಪ್ಯೂಟರಿನ ಮೇಲೆಯೇ ನಡೆಯುತ್ತದೆ.

ಕರ್ನಾಟಕಕ್ಕೆ ಇದೇನೂ ಹೊಸತಲ್ಲ. ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ನಮ್ಮಲ್ಲಿ ಬಹುಕಾಲದಿಂದ ಇದೆ. ಸುಮಿತಾಭ ದಾಸ್ ಅವರ ಪುಸ್ತಕ ಓದಿ ಕೆಲಸಕ್ಕೆ ಹೋದವರು ಬೆಂಗಳೂರಿನ ಕಂಪನಿಗಳಲ್ಲಿ ತುಂಬಾ ಮಂದಿ ಇದ್ದಾರೆ. ಕೊರತೆ ಇದ್ದದ್ದು ಪಠ್ಯದಲ್ಲಲ್ಲ, ಕಲಿಸಿದ ರೀತಿಯಲ್ಲಿ. ಲ್ಯಾಬಿನಲ್ಲಿ ಕಮಾಂಡುಗಳ ಪಟ್ಟಿ, ರೆಕಾರ್ಡ್ ಬುಕ್ಕಿನಲ್ಲಿ ಅದೇ ಪಟ್ಟಿ, ವೈವಾದಲ್ಲಿ ಮತ್ತೆ ಅದೇ.

ಈ ಪಂಥದ ಮೇಲಿನ ದೊಡ್ಡ ಆರೋಪ, ಇದು ಕಸುಬು, ವಿದ್ಯೆಯಲ್ಲ ಎಂಬುದು. ಇದಕ್ಕೆ ಪೈಪ್ ಒಂದೇ ಉತ್ತರ ಸಾಕು. ಒಂದು ಪ್ರೋಗ್ರಾಮಿನ ಫಲಿತವನ್ನು ಇನ್ನೊಂದಕ್ಕೆ ಹರಿಸುವ ಈ ಕಲ್ಪನೆ ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ ಅವರದು. 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸಿಗೆ ಸೇರಿಸಿದರು. ವೆಬ್ ಸರ್ವರಿನ ಲಾಗ್ ಫೈಲಿನಲ್ಲಿ ಯಾವ ವಿಳಾಸದಿಂದ ಹೆಚ್ಚು ಜನ ಬಂದಿದ್ದಾರೆ ಎಂದು ತಿಳಿಯಬೇಕು ಅನ್ನಿ. ಕಟ್ ಆ ಕಾಲಂ ತೆಗೆಯುತ್ತದೆ, ಸಾರ್ಟ್ ಜೋಡಿಸುತ್ತದೆ, ಯೂನಿಕ್ ಎಣಿಸುತ್ತದೆ, ಇನ್ನೊಂದು ಸಾರ್ಟ್ ಎಣಿಕೆಯ ಪ್ರಕಾರ ಇಳಿಸುತ್ತದೆ. ಯೂನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುವುದರಿಂದ ಮೊದಲ ಸಾರ್ಟ್ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಆ ತಪ್ಪನ್ನು ಒಮ್ಮೆ ತಾನೇ ಮಾಡಿದ ವಿದ್ಯಾರ್ಥಿ ಮರೆಯುವುದಿಲ್ಲ.

ಇನ್ನು ಇದರ ಒಳಗಡೆ ನೋಡಿ. ನಾಲ್ಕೂ ಪ್ರೋಗ್ರಾಮುಗಳು ಒಟ್ಟಿಗೆ ಜೀವಂತವಾಗಿರುವ ನಾಲ್ಕು ಪ್ರೋಸೆಸ್‌ಗಳು. ಅವುಗಳ ನಡುವಿನ ಪೈಪಿಗೆ ಮಿತಿ ಇದೆ, ಲಿನಕ್ಸಿನಲ್ಲಿ ಸಾಮಾನ್ಯವಾಗಿ 65,536 ಬೈಟ್. ಪೈಪ್ ತುಂಬಿದರೆ ಬರೆಯುವ ಪ್ರೋಸೆಸ್ ನಿಲ್ಲುತ್ತದೆ, ಬರಿದಾದರೆ ಓದುವುದು ಕಾಯುತ್ತದೆ. ತತ್ತ್ವದ ಪುಸ್ತಕದಲ್ಲಿ ಪ್ರೊಡ್ಯೂಸರ್–ಕನ್ಸ್ಯೂಮರ್ ಎಂಬ ಹೆಸರಿನಲ್ಲಿ, ಸೆಮಫೋರ್ ಸಮೇತ, ಅರ್ಧ ಸೆಮಿಸ್ಟರ್ ದಾಟಿದ ಮೇಲೆ ಬರುವ ಸಮಸ್ಯೆ ಇದೇ. ಶೆಲ್ ಕಲಿತ ಮೊದಲ ವಾರದಲ್ಲೇ ವಿದ್ಯಾರ್ಥಿ ಅದನ್ನು ಬೆರಳ ತುದಿಯಲ್ಲಿ ನಡೆಸಿರುತ್ತಾಳೆ. ಎರಡು ಬೇರೆ ವಿಷಯ, ಎರಡು ಬೇರೆ ಮೇಷ್ಟರು, ಎರಡು ಬೇರೆ ಪರೀಕ್ಷೆ ಆಗಿರುವುದರಿಂದ ಇವೆರಡೂ ಒಂದೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ನನಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ನೋವಿನ ಸಂಗತಿ ಇದು.

ಇದಕ್ಕಿಂತ ಕೆಳಗಿನ ಮಟ್ಟದಲ್ಲೂ ತಳ ಜಾರಿದೆ. ವಿಜ್ಞಾನ ವಿದ್ಯಾರ್ಥಿಗಳಿಗೆ ತಮ್ಮ ಫೈಲು ಯಾವ ಫೋಲ್ಡರಿನಲ್ಲಿದೆ ಎಂಬ ಪ್ರಶ್ನೆಯೇ ಅರ್ಥವಾಗುತ್ತಿಲ್ಲ ಎಂದು ಪ್ರಾಧ್ಯಾಪಕರು ಹೇಳುತ್ತಿರುವುದನ್ನು ಅಮೆರಿಕದ ದಿ ವರ್ಜ್ ಜಾಲತಾಣ 2021ರಲ್ಲಿ ವರದಿ ಮಾಡಿತು. ಫೋನಿನಲ್ಲೇ ಕಂಪ್ಯೂಟರ್ ಕಂಡ ಪೀಳಿಗೆ ಹುಡುಕಿ ತೆಗೆಯುತ್ತದೆ. ಜಾಗ ಗುರುತಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ಅದೇ ವರ್ಷ ಕರ್ನಾಟಕದ ಪದವಿ ಕಾಲೇಜುಗಳಿಗೆ ಬಂದ ಡಿಜಿಟಲ್ ಫ್ಲುಯೆನ್ಸಿ ಎಂಬ ವಿಷಯದಲ್ಲಿ ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಸೈಬರ್ ಸುರಕ್ಷತೆ ಎಲ್ಲಕ್ಕೂ ಜಾಗವಿತ್ತು. ಫೈಲು, ಫೋಲ್ಡರು, ಅನುಮತಿಗಳಿಂದ ಶುರುಮಾಡಿದ್ದರೆ ಬಿಎ, ಬಿಕಾಂ ಮಕ್ಕಳಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಕೆಲಸದ ಪೇಟೆ

ಕಾಲೇಜು ಬಿಟ್ಟ ಜಾಗವನ್ನು ತರಬೇತಿ ಕೇಂದ್ರಗಳು ತುಂಬಿವೆ. ಬಿಟಿಎಂ ಲೇಔಟ್, ಮಾರತಹಳ್ಳಿಯ ಬೀದಿಗಳಲ್ಲಿ ಲಿನಕ್ಸ್ ಅಡ್ಮಿನ್, ಡೆವ್‌ಆಪ್ಸ್ ಎಂಬ ಬೋರ್ಡುಗಳು ಸಾಲಾಗಿವೆ. ಪದವಿಗೆ ಒಮ್ಮೆ ಶುಲ್ಕ ಕಟ್ಟಿದ ತಂದೆತಾಯಿ ಇಲ್ಲಿ ಇನ್ನೊಮ್ಮೆ ಕಟ್ಟುತ್ತಾರೆ. ಕಂಪನಿಗಳ ಪ್ರಮಾಣಪತ್ರ ಪರೀಕ್ಷೆಗೆ ತಯಾರು ಮಾಡುತ್ತ, ಒಂದು ಕಂಪನಿಯ ಉತ್ಪನ್ನಕ್ಕೆ ವಿದ್ಯೆಯನ್ನು ಕಟ್ಟಿಹಾಕುವ ಈ ದಾರಿ ನನಗೆ ಸಮಾಧಾನ ತರುವುದಿಲ್ಲ.

ಹಾಗಿದ್ದರೂ ಒಂದು ವಿಷಯದಲ್ಲಿ ಪ್ರಮಾಣಪತ್ರ ಕೊಡುವವರು ಕಾಲೇಜುಗಳಿಗಿಂತ ಮುಂದಿದ್ದಾರೆ. ಲಿನಕ್ಸ್ ಕಂಪನಿ ರೆಡ್‌ಹ್ಯಾಟ್‌ನ ಆರಂಭಿಕ ಪ್ರಮಾಣಪತ್ರ ಪರೀಕ್ಷೆಯಲ್ಲಿ ಪ್ರಬಂಧವಿಲ್ಲ, ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಗಳೂ ಇಲ್ಲ. ಒಂದು ಸಿಸ್ಟಂ ಕೊಡುತ್ತಾರೆ: ಬಳಕೆದಾರರನ್ನು ಸೇರಿಸಿ, ಡಿಸ್ಕ್ ವಿಭಾಗಿಸಿ, ಸೇವೆಗಳನ್ನು ಹೊಂದಿಸಿ. ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೂ ಎಲ್ಲ ಹಾಗೆಯೇ ಉಳಿದಿರಬೇಕು. ಬಳಕೆಯನ್ನು ಪರೀಕ್ಷಿಸಲು ಇದಕ್ಕಿಂತ ಪ್ರಾಮಾಣಿಕ ದಾರಿ ಇನ್ನೊಂದಿಲ್ಲ.

ಯಾವ ಸಿಸ್ಟಂ, ಯಾರ ಸಿಸ್ಟಂ

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಗ್ನು ಯೋಜನೆ ಘೋಷಿಸಿದಾಗಿನಿಂದ ಇನ್ನೊಂದು ವಾದ ಜೊತೆಗೂಡಿದೆ: ಒಳಗೆ ನೋಡಲು ಬಿಡದ ತಂತ್ರಾಂಶವನ್ನು ಸಾರ್ವಜನಿಕ ಶಿಕ್ಷಣ ಸಂಸ್ಥೆ ಕಲಿಸಬಾರದು. ಕೇರಳ ಇದನ್ನು ಶಾಲೆಯ ಮಟ್ಟದಲ್ಲಿ ಮಾಡಿ ತೋರಿಸಿತು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಆ ದಶಕದೊಳಗೇ ಗ್ನು/ಲಿನಕ್ಸಿಗೆ ತಿರುಗಿತು. ಅಲ್ಲಿ ಹೈಸ್ಕೂಲು ಮುಗಿಸಿ ಬರುವ ಮಕ್ಕಳಿಗೆ ಉಬುಂಟು ಪರದೆ ಅಪರಿಚಿತವಲ್ಲ.

ಕರ್ನಾಟಕದ ದಾರಿ ಬೇರೆಯಾಯಿತು, ಅದಕ್ಕೆ ಭಾಷೆಯೂ ಒಂದು ಕಾರಣ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಬೆರಳಚ್ಚಿಗೆ ಆಧಾರವಾದ ನುಡಿ, ಮನೆಮನೆಗೆ ಕನ್ನಡ ತಂದ ಬರಹ ಎಂಬ ಎರಡೂ ತಂತ್ರಾಂಶಗಳು ವಿಂಡೋಸ್ ಮೇಲೆ ಬೆಳೆದವು. ಕನ್ನಡದಲ್ಲಿ ಟೈಪಿಸಬೇಕಾದವರು ವಿಂಡೋಸ್ ಬಿಟ್ಟು ಕದಲುವಂತಿರಲಿಲ್ಲ. ಈಗ ಯುನಿಕೋಡ್ ಬಂದು ಆ ಕಟ್ಟು ಸಡಿಲವಾಗಿದೆ. ಅತ್ತ ಮೈಕ್ರೋಸಾಫ್ಟ್ ಕೂಡ 2016ರಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಶೆಲ್ ನಡೆಸಲು ಅನುವು ಮಾಡಿತು. ವಿಂಡೋಸೋ ಲಿನಕ್ಸೋ ಎಂಬ ಹಳೆಯ ಜಗಳದ ಬಿಸಿ ಇದರಿಂದ ಇಳಿದಿದೆ. ಸ್ಟಾಲ್ಮನ್ ಎತ್ತಿದ ಪ್ರಶ್ನೆ ಮಾತ್ರ ಹಾಗೇ ಇದೆ.

ಟರ್ಮಿನಲ್ ಮುಂದೆ ಕನ್ನಡ

ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಪಾಠ ಎರಡು ಪಟ್ಟು ಭಾರ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದಕ್ಕೊಂದು ದಾರಿ ಮಾಡಿಕೊಟ್ಟಿದೆ. ಲಿನಕ್ಸ್ ಮತ್ತು ಬ್ಯಾಶ್ ಪಾಠಗಳ ಚಿಕ್ಕ ವೀಡಿಯೊಗಳಲ್ಲಿ ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ. ನೋಡುತ್ತ ಪಕ್ಕದ ಕಿಟಕಿಯಲ್ಲಿ ಅದನ್ನೇ ಮಾಡುತ್ತ ಹೋಗಬೇಕು. ನಾಳೆ ಕೆಲಸದ ಜಾಗದಲ್ಲಿ ಕಾಣುವುದು ಇಂಗ್ಲಿಷ್ ಪರದೆಯೇ ಎಂಬ ವಾಸ್ತವವನ್ನೂ, ಅರ್ಥವಾಗುವುದು ತಾಯ್ನುಡಿಯಲ್ಲೇ ಎಂಬ ಸತ್ಯವನ್ನೂ ಅದು ಒಟ್ಟಿಗೆ ಒಪ್ಪಿಕೊಂಡಿದೆ.

ನನಗೆ ಇನ್ನೂ ಹೆಚ್ಚು ಆಸೆ ಹುಟ್ಟಿಸುವುದು ಕನ್ನಡ ಪಠ್ಯವನ್ನೇ ಲ್ಯಾಬಿನ ಸಾಮಗ್ರಿ ಮಾಡುವುದು. ‘ಕನ್ನಡ’ ಎಂದು ಒಂದು ಫೈಲಿನಲ್ಲಿ ಬರೆದು ಡಬ್ಲ್ಯುಸಿಯಿಂದ ಎಣಿಸಿ. ನಮ್ಮ ಕಣ್ಣಿಗೆ ಮೂರು ಅಕ್ಷರ, ಯುನಿಕೋಡಿಗೆ ಐದು ಸಂಕೇತ, ಯುಟಿಎಫ್-8ರಲ್ಲಿ ಡಿಸ್ಕಿನ ಮೇಲೆ 15 ಬೈಟ್. ಕೊನೆಯಲ್ಲಿ ಸಾಲು ಮುರಿದಿದ್ದರೆ ಇನ್ನೊಂದು. ಹಳೆಯ ನುಡಿ ಅಕ್ಷರವಿನ್ಯಾಸದ ಫೈಲಿನಲ್ಲಿ, ಪದ ಹುಡುಕುವ ಗ್ರೆಪ್ ಕಮಾಂಡಿಗೆ ಯುನಿಕೋಡ್ ಕನ್ನಡ ಪದ ಕೊಟ್ಟರೆ ಸಿಗುವುದೇ ಇಲ್ಲ, ಏಕೆಂದರೆ ಅಲ್ಲಿರುವುದು ಕನ್ನಡದ ರೂಪ ತೊಟ್ಟ ಬೇರೆ ಸಂಕೇತಗಳು. ಅಕ್ಷರಕ್ಕೆ ಇಂತಿಷ್ಟು ಚೌಕ ಎಂದು ಲೆಕ್ಕ ಹಾಕುವ ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಇವೆಲ್ಲ ಕಿರಿಕಿರಿಗಳು ಹೌದು, ಆದರೆ ಎನ್‌ಕೋಡಿಂಗ್ ಎಂದರೇನು ಎಂದು ಕಲಿಸಲು ಇಂಗ್ಲಿಷ್ ವಿದ್ಯಾರ್ಥಿಗೆ ಸಿಗದ ಉದಾಹರಣೆಗಳು ಕನ್ನಡದ ಹುಡುಗ ಹುಡುಗಿಯರ ಕೈಯಲ್ಲೇ ಇವೆ.

ಬಗೆಹರಿಯದೆ ಉಳಿದವು

ಒಂದು ಸಿಸ್ಟಂ ಮೇಲೆ ಕಲಿತದ್ದು ಇನ್ನೊಂದಕ್ಕೆ ಎಷ್ಟು ಒದಗುತ್ತದೆ? ತತ್ತ್ವದವರು ತತ್ತ್ವ ಮಾತ್ರ ಒದಗುತ್ತದೆ ಎನ್ನುತ್ತಾರೆ. ಬಳಕೆಯವರು, 1970ರ ದಶಕದ ಗ್ರೆಪ್ ಇಂದಿಗೂ ಹಾಗೇ ನಡೆಯುತ್ತಿದೆ, ಅದಕ್ಕಿಂತ ಬಾಳಿಕೆ ಯಾವುದಕ್ಕಿದೆ ಎಂದು ಕೇಳುತ್ತಾರೆ. ಎರಡಕ್ಕೂ ಪುರಾವೆ ಇದೆ.

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಈಗ ಕೇಳಿದ ಕಮಾಂಡನ್ನು ಬರೆದುಕೊಡುತ್ತವೆ. ಹಾಗಾದರೆ ಬಾಯಿಪಾಠ ಸತ್ತಿತು, ಅದಕ್ಕೆ ದುಃಖಿಸಬೇಕಿಲ್ಲ. ಆದರೆ ಟರ್ಮಿನಲ್ಲಿನ ಆರ್‌ಎಂಗೆ ಕಸದ ಬುಟ್ಟಿ ಇಲ್ಲ, ಅಳಿಸಿದರೆ ಅಳಿಸಿದಂತೆ. ಸಹಾಯಕ ಕೊಟ್ಟ ಸಾಲು ಸರಿಯೋ ತಪ್ಪೋ ಎಂದು ಎಂಟರ್ ಒತ್ತುವ ಮುಂಚೆ ಹೇಳಬಲ್ಲ ವಿವೇಕವನ್ನು, ತಾನೇ ನೂರು ಸಾಲು ಬರೆದು ಎಡವದೆ ಪಡೆಯಲು ಸಾಧ್ಯವೇ? ಇದನ್ನು ಹೇಳುವಷ್ಟು ಅನುಭವ ಇನ್ನೂ ಯಾವ ದೇಶದ ತರಗತಿಗೂ ಆಗಿಲ್ಲ.

ಪಾಠ ಯಾವ ವಿಭಾಗಕ್ಕೆ ಸೇರಿದ್ದು ಎಂಬುದೂ ತೀರ್ಮಾನವಾಗಿಲ್ಲ. ಕಂಪ್ಯೂಟರ್ ವಿಭಾಗಕ್ಕೆ ಅದು ತೀರಾ ಸರಳ; ಜೀವವಿಜ್ಞಾನ, ವಾಣಿಜ್ಯ, ಕನ್ನಡ ವಿಭಾಗಗಳಿಗೆ ಅದು ತಮ್ಮದಲ್ಲ. ನಡುವೆ ಬಿದ್ದದ್ದನ್ನು ಎತ್ತಿಕೊಳ್ಳುವವರಿಲ್ಲ.

ಇನ್ನು ಪರೀಕ್ಷೆ. ಒಂದೇ ದಿನ ರಾಜ್ಯದ ನೂರಾರು ಕಾಲೇಜುಗಳಲ್ಲಿ, ಕೈಕೊಡುವ ಕರೆಂಟು ಮತ್ತು ಕೆಟ್ಟ ಕೀಬೋರ್ಡುಗಳ ನಡುವೆ, ಸಾವಿರಾರು ವಿದ್ಯಾರ್ಥಿಗಳಿಗೆ ಯಂತ್ರದ ಮೇಲೆಯೇ ಪರೀಕ್ಷೆ ನಡೆಸಬಹುದೇ? ನಡೆಸಿದರೆ, ಸಿಸ್ಟಂ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಎಷ್ಟು ಅಂಕ, ಕೆಟ್ಟದ್ದನ್ನು ಹುಡುಕಿದ ದಾರಿಗೆ ಎಷ್ಟು? ಮೊದಲನೆಯದನ್ನು ಒಂದು ಸ್ಕ್ರಿಪ್ಟ್ ತಾನೇ ಅಳೆಯುತ್ತದೆ. ಎರಡನೆಯದನ್ನು ಅಳೆಯಲು ಪಕ್ಕದಲ್ಲಿ ಕೂತು ನೋಡುವ ಮೇಷ್ಟರು ಬೇಕು, ಆ ಮೇಷ್ಟರು ಸ್ವತಃ ಸರ್ವರ್ ನಡೆಸಿದವರಾಗಿರಬೇಕು. ಅಂಥವರನ್ನು ಎಲ್ಲಿಂದ ತರುವುದು, ಇರುವವರಿಗೆ ಕಲಿಯಲು ಸಮಯ ಯಾರು ಕೊಡುವುದು ಎಂಬುದಕ್ಕೆ ತತ್ತ್ವದವರಲ್ಲೂ, ಕಟ್ಟುವವರಲ್ಲೂ, ಬಳಕೆಯವರಲ್ಲೂ ಈವರೆಗೆ ಉತ್ತರವಿಲ್ಲ.